ಸೊಸೆ ಭರಣಿ

ಇಡಗುಂದಿಯಲ್ಲಿ ರಸ್ತೆ ಪಕ್ಕದ ಹಿಟ್ಟಿನ ಗಿರಣಿಯ ಮನೆ ಯಾವುದು ಎಂದು ಕೇಳಿದರೆ ಯಾರು ಬೇಕಾದರೂ ತೋರಿಸುತ್ತಾರೆ. ಮಿಡಿ ಉಪ್ಪಿನಕಾಯಿ ಚೆನ್ನಾಗಿ ಹಾಕುವ ಮನೆ ಯಾವುದು ಎಂದು ಕೇಳಿದರೂ ಅದನ್ನೇ ತೋರಿಸುತ್ತಾರೆ. ಗಿರಣಿಯ ಹೆಸರು ನನ್ನ ಗಂಡ ಮತ್ತು ಮೈದುನನಿಂದ ಬಂದದ್ದು, ಉಪ್ಪಿನಕಾಯಿಯ ಹೆಸರು ನನ್ನಿಂದ. ಹೀಗೆ ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನಾಚಿಕೆಪಡಬೇಕಾದದ್ದು ಬೇರೆ ಇದೆ. ಅದನ್ನು ಹೇಳಲಿಕ್ಕೇ ಕೂತಿದ್ದೇನೆ.

ಮಿಡಿ ಎಂದರೆ ನಮ್ಮಲ್ಲಿ ಅಪ್ಪೆಮಿಡಿ, ಒಳಗೆ ಗೊರಟು ಇನ್ನೂ ಬಲಿಯದ ಎಳೆಯ ಮಾವಿನಕಾಯಿ. ಶಿವರಾತ್ರಿ ಕಳೆದ ಮೇಲೆ ಅದರ ಕಾಲ. ಮರ ಹತ್ತಿದವನು ಗೊಂಚಲು ಕೊಯ್ದು ಬುಟ್ಟಿಯಲ್ಲಿಟ್ಟು ಹಗ್ಗ ಕಟ್ಟಿ ಇಳಿಸಬೇಕು. ನೆಲಕ್ಕೆ ಬಿದ್ದ ಮಿಡಿ ಮೇಲಿನಿಂದ ಎಷ್ಟು ಚಂದ ಕಂಡರೂ ಒಳಗೆ ಪೆಟ್ಟು ತಿಂದಿರುತ್ತದೆ. ಅಂಥ ನಾಲ್ಕು ಸೇರಿದರೆ ಇಡೀ ಭರಣಿ ಹಾಳು. ಪ್ರತಿ ಮಿಡಿಗೂ ಅರ್ಧ ಬೆರಳಿನಷ್ಟು ತೊಟ್ಟು ಇರಲೇಬೇಕು. ತೊಟ್ಟು ಮುರಿದರೆ ಸೊನೆ ಸೋರಿಹೋಗುತ್ತದೆ, ಸೊನೆ ಹೋದ ಮಿಡಿ ಉಪ್ಪಿನಲ್ಲಿ ಮುರುಟುವುದಿಲ್ಲ, ಮೆತ್ತಗಾಗಿ ಕೊಳೆಯುತ್ತದೆ. ಬಟ್ಟೆಯಲ್ಲಿ ಒರೆಸಿ, ಕಲ್ಲುಪ್ಪಿನ ಜೊತೆ ಪದರ ಪದರವಾಗಿ ಭರಣಿಗೆ ತುಂಬಿ, ಮೇಲೊಂದು ತೊಳೆದು ಒಣಗಿಸಿದ ಕಲ್ಲು ಹೇರಿ ಬಾಯಿ ಕಟ್ಟುವುದು. ನೀರು ಹಾಕುವಂತಿಲ್ಲ, ಎಣ್ಣೆ ಹಾಕುವಂತಿಲ್ಲ. ಮಿಡಿ ಬಿಟ್ಟ ನೀರಿನಲ್ಲೇ ಮಿಡಿ ಹುಳಿತು ಹದಕ್ಕೆ ಬರಬೇಕು. ದಿನಕ್ಕೊಮ್ಮೆ ಕಲ್ಲು ಎತ್ತಿ ಮರದ ಸೌಟಿನಿಂದ ಮೇಲೆ ಕೆಳಗೆ ಮಾಡಬೇಕು. ತಿಂಗಳಾಗುವ ಹೊತ್ತಿಗೆ ಮಿಡಿ ಮುದುಕಿಯ ಕೆನ್ನೆಯ ಹಾಗೆ ಸುಕ್ಕುಗಟ್ಟಿರುತ್ತದೆ. ಆಮೇಲೆ ಅದೇ ಉಪ್ಪುನೀರನ್ನು ಕುದಿಸಿ ಆರಿಸಿ, ಅದರಲ್ಲೇ ಸಾಸಿವೆ, ಒಣಮೆಣಸು ಬೀಸಿ ಕಲಸಿದರೆ ಮುಗಿಯಿತು. ಹೇಳುವಾಗ ನಾಲ್ಕು ಮಾತು, ಮಾಡುವಾಗ ಗೊತ್ತಾಗುತ್ತದೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹೊಸ ಸೊಸೆ ಬಂದ ಮೊದಲ ವರ್ಷ ಅವಳ ಕೈಗೇ ಒಂದು ಭರಣಿ ಕೊಡುವುದು. ಸೊಸೆ ಭರಣಿ ಎಂದೇ ಅದಕ್ಕೆ ಹೆಸರು. ಅದರಲ್ಲಿ ಅವಳು ಹಾಕಿದ ಮಿಡಿ ಚೆನ್ನಾಗಿ ಬಂದರೆ ಅವಳ ಕೈ ಒಳ್ಳೆಯದು, ಅವಳು ಭರಣಿ ಕೋಣೆಗೆ ಹೋಗಬಹುದು, ಹಬ್ಬ ಮದುವೆಯಲ್ಲಿ ಪಂಕ್ತಿಗೆ ಬಡಿಸಬಹುದು. ಕೆಟ್ಟರೆ ಅವಳು ಕಾಯಿ ತುರಿಯಬಹುದು, ಪಾತ್ರೆ ತೊಳೆಯಬಹುದು. ನೆಂಟರ ಎಲೆಗೆ ಮಾತ್ರ ಅವಳ ಕೈಯಿಂದ ಒಂದು ಅಗುಳೂ ಬೀಳುವಂತಿಲ್ಲ. ನನ್ನ ಗಂಡನ ಅಜ್ಜನ ಕಾಲದಲ್ಲಿ ಒಬ್ಬಳಿಗೆ ಹಾಗಾಗಿತ್ತಂತೆ. ನೆಂಟರು ಬಂದಾಗಲೆಲ್ಲ ಅವಳು ಹಿಂದಿನ ಜಗುಲಿಯಲ್ಲಿ ಕೂತಿರುತ್ತಿದ್ದಳಂತೆ, ಸಾಯುವ ತನಕ. ಅವಳ ಹೆಸರೇನು ಎಂದು ಕೇಳಿದರೆ ಈಗ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ನನ್ನ ಸೊಸೆ ಭರಣಿ ಚೆನ್ನಾಗಿಯೇ ಬಂದಿತ್ತು. ಅತ್ತೆ ಒಂದು ಮಿಡಿ ಕಚ್ಚಿ ನೋಡಿ "ಅಡ್ಡಿಲ್ಲೆ" ಎಂದಿದ್ದರು. ಅಡ್ಡಿಯಿಲ್ಲ, ಅಷ್ಟೇ. ಆಮೇಲೆ ಇಪ್ಪತ್ತೆರಡು ವರ್ಷ ವರ್ಷವೂ ಉಪ್ಪು ಹಾಕಿದೆ, ಬೀಗರು ಹೊಗಳಿದರು, ಶಿರಸಿಯ ತವರಿನವರು ಭರಣಿ ಹಿಡಿದುಕೊಂಡು ಬಂದು ತುಂಬಿಸಿಕೊಂಡು ಹೋದರು, ಅತ್ತೆಯ ಬಾಯಲ್ಲಿ "ಅಡ್ಡಿಲ್ಲೆ" ಬಿಟ್ಟು ಇನ್ನೊಂದು ಮಾತು ಬರಲಿಲ್ಲ.

ನನ್ನ ಮೈದುನನಿಗೆ ಹೆಣ್ಣು ಸಿಕ್ಕಿರಲಿಲ್ಲ. ನಮ್ಮ ಕಡೆ ಗಿರಣಿ ನಡೆಸುವವನಿಗೆ ಹೆಣ್ಣು ಯಾರು ಕೊಡುತ್ತಾರೆ. ನಲವತ್ತೆರಡು ದಾಟಿದ ಮೇಲೆ ಒಬ್ಬ ದಲ್ಲಾಳಿ ಹಾನಗಲ್ಲಿನ ಆಚೆಯ ಒಂದು ಹಳ್ಳಿಯಿಂದ ಹುಡುಗಿ ತೋರಿಸಿದ. ಜಾತಿ ಬೇರೆ, ಮಾತು ಬೇರೆ, ಅಪ್ಪ ಇಲ್ಲ. ಅವಳಿಗೂ ಮೂವತ್ತೊಂದಾಗಿತ್ತು. ದೇವಸ್ಥಾನದಲ್ಲಿ ಹಾರ ಹಾಕಿಸಿ ಕರೆದುಕೊಂಡು ಬಂದರು. ಅವಳು ನನ್ನ ಓರಗಿತ್ತಿ, ಆದರೂ ನನ್ನ ಬಾಯಲ್ಲಿ ಕೊನೆಯವರೆಗೂ "ಅದು" ಎಂದೇ ಬಂತು. ನಮ್ಮ ಭಾಷೆಯಲ್ಲಿ ಚಿಕ್ಕವರನ್ನು ಪ್ರೀತಿಯಿಂದಲೂ ಹಾಗೆಯೇ ಕರೆಯುತ್ತೇವೆ. ನಾನು ಪ್ರೀತಿಯಿಂದ ಕರೆಯುತ್ತಿರಲಿಲ್ಲ. ಅವಳೆದುರು ನಮ್ಮ ಮನೆಮಾತನ್ನು ಬೇಕೆಂದೇ ಬೇಗ ಬೇಗ ಆಡುತ್ತಿದ್ದೆ. ಅರ್ಥವಾಗದೆ ಅವಳು ಬಾಯಿ ಬಾಯಿ ನೋಡಿದರೆ ನನಗೆ ಒಳಗೊಳಗೇ ಖುಷಿ.

ಅವಳು ಬಂದಾಗ ಸುಗ್ಗಿ ಮುಗಿಯುತ್ತಿತ್ತು. ತವರಿನಿಂದ ಒಂದು ಚೀಲ ಹಣ್ಣುಮೆಣಸಿನಕಾಯಿ ತಂದಿದ್ದಳು. ಕೆಂಪಗೆ ಹೊಳೆಯುವ ಹಸಿಕಾಯಿ. ಅದನ್ನು ತೊಳೆದು ಒರೆಸಿ, ಮುಂಬಾಗಿಲ ಬಳಿ ಕೂತು ಪಟಪಟ ಎಂದು ಒಂದೊಂದರ ತೊಟ್ಟು ಮುರಿದಳು. ಉಪ್ಪು, ಮೆಂತ್ಯದ ಪುಡಿ, ಬೆಳ್ಳುಳ್ಳಿ ಹಾಕಿ ಕುಟ್ಟಿ ಲಿಂಬೆ ಹಿಂಡಿ ಜಾಡಿಗೆ ತುಂಬಿದಳು. ಮೂರನೇ ದಿನಕ್ಕೆ ಅದು ಉಬ್ಬಿ ಜಾಡಿಯ ಬಾಯಿಗೆ ಬಂದಿತ್ತು. ರಂಜಕ ಎನ್ನುತ್ತಾರಂತೆ.

"ಬೆಳ್ಳುಳ್ಳಿದೆಲ್ಲ ಒಳಗೆ ತರಡ, ಇಲ್ಲಿ ದೇವರಿಗೆ ಅಡುಗೆ ಆಗ್ತು" ಎಂದು ನಾನು ಜಾಡಿಯನ್ನು ಗಿರಣಿಯ ಕಟ್ಟೆಯ ಮೇಲೆ ಇಡಿಸಿದೆ. ದೇವರ ಹೆಸರು ಹೇಳಿದ್ದು ನೆಪ. ಹಿಟ್ಟು ಬೀಸಿಸಲು ಬಂದವರೆಲ್ಲ ಡಬ್ಬಿ ಪಾಳಿಗಿಟ್ಟು ರಂಜಕ ನೆಕ್ಕಿ ಉಸ್ ಹಾ ಮಾಡಿಕೊಂಡು ಹೋದರು. ಮೈದುನ ಅಲ್ಲೇ ನಿಂತು ರೊಟ್ಟಿ ತಿನ್ನತೊಡಗಿದ. ಅದೂ ಇರಲಿ. ಒಂದು ದಿನ ಬೆಳಿಗ್ಗೆ ನೋಡುತ್ತೇನೆ, ಅತ್ತೆಯ ದೋಸೆಯ ಪಕ್ಕ ಕೆಂಪು ರಂಜಕ. ಬೆರಳು ನೆಕ್ಕಿ, ಮಡಿ ಗಿಡಿ ಎಲ್ಲ ಮರೆತು ಅತ್ತೆ ಹೇಳಿದರು, "ಎಂಗೆ ಇನ್ನೊಂದು ಚೂರು ಹಾಕೆ. ನಿನ್ನ ಕೈ ಬಾಳ ಚಲೋ ಇದ್ದು."

ಇಪ್ಪತ್ತೆರಡು ವರ್ಷ. ಬಂದು ಇಪ್ಪತ್ತೆರಡು ದಿನವೂ ಆಗದವಳಿಗೆ ಆ ಮಾತು. ನನ್ನ ಹೊಟ್ಟೆ ಉರಿದುಹೋಯಿತು. ಇದಕ್ಕೆ ಬೇರೆ ಹೆಸರು ಕೊಟ್ಟು ಸಮಾಧಾನ ಮಾಡಿಕೊಳ್ಳಲು ಆಗ ನೋಡಿದ್ದೆ, ಈಗ ಬೇಡ. ಹೊಟ್ಟೆಕಿಚ್ಚೇ.

ಆ ವರ್ಷ ಮಿಡಿ ಬರುವ ಹೊತ್ತಿಗೆ ಅತ್ತೆ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡು ಹೊರಗಿನ ಕೋಣೆಯಲ್ಲಿ ಮಲಗಿದ್ದರು. ಸೊಸೆ ಭರಣಿ ಹಾಕುವುದನ್ನು ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಅವಳೇ ನೆನಪಿಸಿದಳು. ಯಾರು ಹೇಳಿದ್ದರೋ, ಪದ್ಧತಿಯ ವಿಷಯ ಅವಳಿಗೆ ಪೂರ್ತಿ ಗೊತ್ತಿತ್ತು. "ಅಕ್ಕಾರ, ನನಗ ಭರಣಿ ಯಾವಾಗ ಕೊಡ್ತೀರಿ? ಯುಗಾದಿಗೆ ನಾನೂ ಬಡಸಬೇಕ್ರಿ" ಎಂದಳು. ಮದುವೆಯ ಸೀರೆ ಕೇಳುವಾಗಲೂ ಅವಳ ಮುಖದಲ್ಲಿ ಅಷ್ಟು ಆಸೆ ಇದ್ದಿರಲಿಕ್ಕಿಲ್ಲ.

ಕೊಟ್ಟೆ. ಒಳ್ಳೆಯ ಭರಣಿಯನ್ನೇ ಕೊಟ್ಟೆ. ಶಿರಸಿ ಪೇಟೆಯಿಂದ ತರಿಸಿದ ಒಳ್ಳೆಯ ಮಿಡಿಯ ಬುಟ್ಟಿಯನ್ನೇ ಅವಳ ಮುಂದೆ ಇಟ್ಟೆ. ಬಟ್ಟೆಯಲ್ಲಿ ಒರೆಸು ಎಂದೆ, ಉಪ್ಪಿನ ಅಳತೆ ಸರಿಯಾಗಿ ಹೇಳಿದೆ. ತೊಟ್ಟಿನ ಮಾತು ಹೇಳಲಿಲ್ಲ. ಆಗ ಅದು ಬೇಕೆಂದು ಬಿಟ್ಟದ್ದಲ್ಲ. ತೊಟ್ಟು ಮುರಿಯಬಾರದು ಎಂದು ನಮ್ಮಲ್ಲಿ ಯಾರಿಗೂ ಹೇಳಿಕೊಡುವ ಪ್ರಸಂಗವೇ ಬರುವುದಿಲ್ಲ, ಹಸುಗೂಸಿಗೂ ಗೊತ್ತಿರುವ ಸಂಗತಿ. ನಾನು ಒಳಗೆ ಹೋಗಿ ಸಾರಿಗೆ ಬೇಳೆ ಇಟ್ಟೆ.

ಸ್ವಲ್ಪ ಹೊತ್ತಿಗೆ ಪರಿಮಳ ಬಂತು. ಸೊನೆಯ ಪರಿಮಳ, ಜೀರಿಗೆ ಕರ್ಪೂರ ಕೂಡಿಸಿ ಹೊಸಕಿದಂತೆ. ಒಂದೆರಡು ಮಿಡಿಯ ತೊಟ್ಟು ಕಳಚಿದರೆ ಅಷ್ಟು ಪರಿಮಳ ಬರುವುದಿಲ್ಲ. ಬಾಗಿಲ ಸಂದಿಯಲ್ಲಿ ಇಣುಕಿದೆ. ಅವಳು ಮೆಣಸಿನಕಾಯಿಗೆ ಮಾಡಿದ ಹಾಗೆಯೇ ಪಟಪಟ ಎಂದು ಮಿಡಿಯ ತೊಟ್ಟು ಮುರಿದು ರಾಶಿ ಹಾಕುತ್ತಿದ್ದಳು. ಸೊನೆ ಸೋರಿ ಬೆರಳೆಲ್ಲ ಅಂಟಂಟಾಗಿತ್ತು, ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಬುಟ್ಟಿಯಲ್ಲಿ ಮುಕ್ಕಾಲು ಪಾಲು ಇನ್ನೂ ಹಾಗೇ ಇತ್ತು. "ಏ ಮಾರಾಯ್ತಿ, ತೊಟ್ಟು ಮುರಿಯಡ" ಎಂದು ಅಲ್ಲಿಂದಲೇ ಕೂಗಿದ್ದರೆ ಸಾಕಿತ್ತು. ನಾನು ಒಲೆಯ ಕಡೆ ತಿರುಗಿ ಬೇಳೆಗೆ ಅರಿಶಿನ ಹಾಕಿದೆ.

ಅಷ್ಟಕ್ಕೇ ನಿಂತಿದ್ದರೆ ಮರೆತೆ ಎಂದಾದರೂ ಹೇಳಿಕೊಳ್ಳಬಹುದಿತ್ತು. ಹತ್ತು ದಿನ ಕಳೆದ ಮೇಲೆ ಅವಳು ಸೌಟು ಹಿಡಿದುಕೊಂಡು ಬಂದಳು. "ಅಕ್ಕಾರ, ಮಿಡಿ ಮೆತ್ತಗ ಆಗ್ಯಾವ್ರಿ. ಹಿಂಗ ಆಗೂದೇನ್ರಿ?" ನಾನು ನೋಡಿದೆ, ಹೆಬ್ಬೆರಳಿನಲ್ಲಿ ಒತ್ತಿದರೆ ಕುಸಿಯುತ್ತಿದ್ದವು. "ಮೊದ್ಲು ಹಾಂಗೇ ಆಗ್ತು, ಕಡೆಗೆ ತನ್ನಷ್ಟಕ್ಕೇ ಗಟ್ಟಿ ಆಗ್ತು" ಎಂದೆ. ಅವಳು ನಂಬಿ ಮತ್ತೆ ಬಾಯಿ ಕಟ್ಟಿಟ್ಟಳು. ಆ ಹೊತ್ತಿಗೆ ನನಗೆ ಕನಿಕರ ಬಂದಿತ್ತೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬಂದಿರಲಿಲ್ಲ.

ಯುಗಾದಿಯ ಹಿಂದಿನ ದಿನ ಭರಣಿ ತೆರೆದರು. ಅತ್ತೆಯನ್ನು ಕುರ್ಚಿಯ ಮೇಲೆ ಕೂರಿಸಿ ಹೊತ್ತು ತಂದಿದ್ದರು. ನನ್ನ ಗಂಡ, ಮೈದುನ, ರಜೆಗೆ ಬಂದಿದ್ದ ನನ್ನ ಮಗಳು, ಎಲ್ಲರೂ ಸುತ್ತ ಇದ್ದರು. ಬಟ್ಟೆ ಬಿಚ್ಚಿದ ಕೂಡಲೇ ಮಗಳು ಮೂಗು ಮುಚ್ಚಿಕೊಂಡಳು. ಅತ್ತೆ ಸೌಟಿನಲ್ಲಿ ಒಂದು ಮಿಡಿ ಎತ್ತಿದರು. ಅದು ಸೌಟಿನಲ್ಲೇ ಒಡೆದು ಗಂಜಿಯ ಹಾಗೆ ಹರಡಿತು.

"ಇದರ ತೊಟ್ಟು ಎಲ್ಲಿ ಹೋತು?"

"ಮುರದೇನ್ರಿ ಅತ್ತಿ, ಮೆಣಸಿನಕಾಯಿಗೆ ಮುರದಂಗ" ಎಂದಳು ಅವಳು. ಏನು ತಪ್ಪಾಯಿತೆಂದು ಇನ್ನೂ ಗೊತ್ತಾಗಿರಲಿಲ್ಲ.

ಅತ್ತೆ ನನ್ನ ಕಡೆ ತಿರುಗಿದರು. "ನೀ ಹೇಳಿಕೊಟ್ಟಿದ್ದಿಲ್ಯ?"

"ಆನು ಎರಡೆರಡು ಸಲ ಹೇಳಿದ್ದಿ. ಹೇಳಿದ್ದು ಕೇಳವು ಅಲ್ದಾ" ಎಂದೆ.

ಎಲುಬಿಲ್ಲದ ನಾಲಿಗೆ, ಎಷ್ಟು ಸಲೀಸಾಗಿ ಹೊರಳಿತು. ಅವಳು ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ಇವರು ಮರೆತಿರಬೇಕು, ಈಗ ನೆನಪಾಗಿ ಹೇಳುತ್ತಾರೆ ಎಂದು ಕಾಯುವವರ ಹಾಗೆ ನೋಡಿದಳು. ನಾನು ಭರಣಿಯ ಬಾಯಿ ಮುಚ್ಚಿ, ಗೊಬ್ಬರದ ಗುಂಡಿಗೆ ಹಾಕಿ ಬಾ ಎಂದು ಅವಳ ಕೈಗೇ ಕೊಟ್ಟೆ. ಮರುದಿನ ಯುಗಾದಿಗೆ ನೆಂಟರು ಬಂದಾಗ ಅವಳು ಹಿಂದಿನ ಜಗುಲಿಯಲ್ಲಿ ಕೂತಿದ್ದಳು. ಯಾರೂ ಕೂರು ಎಂದಿರಲಿಲ್ಲ. ಬಡಿಸಲು ಕರೆಯಲಿಲ್ಲ, ಅಷ್ಟೇ.

ಮುಂದಿನ ವರ್ಷ ಅವಳು ಇನ್ನೊಂದು ಭರಣಿ ಕೇಳಿದಳು. "ಸೊಸೆ ಭರಣಿ ಒಂದೇ ಸಲ" ಎಂದೆ. ಅದರ ಮುಂದಿನ ವರ್ಷವೂ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು. ದಿನದ ಅಡುಗೆಯಲ್ಲಿ ಅರ್ಧ ಅವಳೇ ಮಾಡುತ್ತಿದ್ದಳು, ನೆಂಟರ ಕಾರಿನ ಸದ್ದು ಕೇಳಿದರೆ ಸೌಟು ಕೆಳಗಿಟ್ಟು ಎದ್ದು ಹಿಂದೆ ಹೋಗುತ್ತಿದ್ದಳು. ನಾಯಿಗೂ ಅಷ್ಟು ಚೆನ್ನಾಗಿ ಅಭ್ಯಾಸ ಮಾಡಿಸಲು ಆಗುವುದಿಲ್ಲ. ಮೈದುನ ಒಂದೆರಡು ಸಲ ಅಣ್ಣನ ಹತ್ತಿರ ಈ ಮಾತು ಎತ್ತಿದ. "ಹೆಂಗಸರ ವಿಷಯಕ್ಕೆ ನಾವು ಹೋಪದು ಬೇಡ" ಎಂದು ನನ್ನ ಗಂಡ ನಶ್ಯ ಏರಿಸಿ ಮಾತು ಮುಗಿಸಿದರು.

ಆಮೇಲೆ ಊರಿಗೆಲ್ಲ ಮೂಗು ಬಾಯಿಗೆ ಮಾಸ್ಕ್ ಕಟ್ಟಿಸಿದ ಆ ಜ್ವರ ಬಂತು. ಅತ್ತೆ ಅದರಲ್ಲಿ ಹೋದರು. ಮನೆಯಲ್ಲಿ ಉಳಿದವರಿಗೆಲ್ಲ ನಾಲ್ಕು ದಿನ ವಾಸನೆ ರುಚಿ ಹೋಗಿ ತಿರುಗಿ ಬಂತು. ನನಗೆ ರುಚಿಯಲ್ಲಿ ಉಪ್ಪು, ಹುಳಿ, ಖಾರ ತಿರುಗಿ ಬಂದವು. ವಾಸನೆ ಬರಲಿಲ್ಲ. ತಿಂಗಳು ಕಾದೆ, ಆರು ತಿಂಗಳು ಕಾದೆ. ಯಲ್ಲಾಪುರದ ಡಾಕ್ಟರರು ಬರಲೂಬಹುದು, ಬರದೆಯೂ ಇರಬಹುದು ಎಂದರು. ಮನೆಯಲ್ಲಿ ಕೇಳಿದಾಗ "ಎಂಗೂ ಬಂತು" ಎಂದುಬಿಟ್ಟೆ. ಭರಣಿ ಕೋಣೆಯ ಯಜಮಾನಿಗೆ ಮೂಗಿಲ್ಲ ಎಂದು ಗೊತ್ತಾದರೆ ಅಲ್ಲಿಗೆ ಮುಗಿಯಿತಲ್ಲ. ಆ ಕೋಣೆಗೆ ಹೋಗಿ ನಿಂತರೆ ಹದಿನೈದು ಭರಣಿ ಸಾಲಾಗಿ ಕೂತಿರುತ್ತಿದ್ದವು, ಒಂದೂ ನನಗೆ ಏನೂ ಹೇಳುತ್ತಿರಲಿಲ್ಲ. ಎರಡು ವರ್ಷ ಕಣ್ಣಿನ ಅಂದಾಜಿನಲ್ಲೇ ದಬ್ಬಿದೆ. ಹೇಗೋ ನಡೆಯಿತು.

ಮಗಳನ್ನು ಸಿದ್ದಾಪುರಕ್ಕೆ ಕೊಟ್ಟಿದ್ದೆವು. ಅವಳ ನಾದಿನಿಯ ಮದುವೆ ನಿಶ್ಚಯವಾಯಿತು. ಬೀಗಿತ್ತಿ ತಾವೇ ಫೋನು ಮಾಡಿ, "ಮದುವೆ ಎಲೆಗೆ ನಿಂಗಳ ಮಿಡಿಯೇ ಆಗವು" ಎಂದರು. ಎಲೆಯ ತುದಿಗೆ ಮೊದಲು ಬೀಳುವುದೇ ಉಪ್ಪಿನಕಾಯಿ, ಅದು ನನ್ನ ಕೈಯದಾಗಬೇಕು ಎಂದು ಬೀಗರು ಕೇಳುವುದೆಂದರೆ ಸಣ್ಣ ಮಾತಲ್ಲ. ನಾನು ಊರಿಗೆಲ್ಲ ಹೇಳಿಕೊಂಡು ಬಂದೆ. ಶಿರಸಿಗೆ ನಾನೇ ಹೋಗಿ ಮಿಡಿ ಕೊಂಡೆ. ಮೊದಲಾದರೆ ಒಂದು ಹಿಡಿ ಎತ್ತಿ ಮೂಸಿದರೆ ಸಾಕು, ಕೊಯ್ದದ್ದೋ ಬಿದ್ದದ್ದೋ ಗೊತ್ತಾಗುತ್ತಿತ್ತು, ಪೆಟ್ಟು ತಿಂದ ಮಿಡಿಗೆ ಒಂದು ಮಂಕು ವಾಸನೆ ಇರುತ್ತದೆ. ಈ ಸಲ ತೊಟ್ಟು ನೋಡಿದೆ, ಬಣ್ಣ ನೋಡಿದೆ, ಎತ್ತಿ ಮೂಸಿದ ಹಾಗೆ ನಟಿಸಿದೆ. ಮಾರುವವನು ನನ್ನ ಮುಖ ನೋಡಿ ಏನು ತಿಳಿದುಕೊಂಡನೋ, ಬಿದ್ದದ್ದನ್ನೂ ಸೇರಿಸಿ ತುಂಬಿಸಿದ.

ಇಪ್ಪತ್ತು ದಿನದ ಮೇಲೆ ದೊಡ್ಡ ಭರಣಿಯ ನೀರು ಲೋಳೆಯಾಗಿ ಕಂಡಿತು. ಮೇಲೆ ಬಿಳಿ ಪೊರೆ ಬಂದಿತ್ತು. ಬಿಳಿ ಪೊರೆ ಕೆಲವೊಮ್ಮೆ ಬರುತ್ತದೆ, ತೆಗೆದು ಹಾಕಿದರೆ ಆಯಿತು, ಕೆಟ್ಟಿದೆಯೋ ಇಲ್ಲವೋ ಮೂಗು ಹೇಳಬೇಕು. ನಾಲಿಗೆಗೆ ಹಾಕಿದೆ, ಉಪ್ಪು ಬಿಟ್ಟು ಏನೂ ತಿಳಿಯಲಿಲ್ಲ. ಗಂಡನನ್ನು ಕೇಳೋಣವೆಂದರೆ ನಶ್ಯದಲ್ಲಿ ಅವರ ಮೂಗು ಅರ್ಧ ಸತ್ತಿದೆ. ಮೈದುನ ದಿನವಿಡೀ ಗಿರಣಿಯ ಧೂಳಿನಲ್ಲಿ ನಿಲ್ಲುವವನು, ಅವನ ಮೂಗೂ ಅಷ್ಟಕ್ಕಷ್ಟೇ. ಮಗಳು ಸಿದ್ದಾಪುರದಲ್ಲಿ. ಮನೆಯಲ್ಲಿ ಇದ್ದ ಮೂಗು ಒಂದೇ.

ಕರೆದೆ. "ಬಾರೆ ಇಲ್ಲಿ. ಭರಣಿ ಕೆಲಸ ನಿಂಗೂ ಕಲಿಸ್ತೆ. ಮೂಸಿ ಹೇಳು ನೋಡನ, ಹೇಂಗಿದ್ದು."

ಎಷ್ಟೋ ವರ್ಷದ ಮೇಲೆ ಆ ಕೋಣೆಯ ಹೊಸಿಲು ದಾಟುವವಳು, ಕಾಲು ತೊಳೆದುಕೊಂಡು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಭರಣಿಯ ಮೇಲೆ ಬಾಗಿದಳು. ಕೂಡಲೇ ಹಿಂದಕ್ಕೆ ಸರಿದಳು. ಮತ್ತೊಮ್ಮೆ ಬಾಗಿ ನಿಧಾನ ಮೂಸಿದಳು. ಆಮೇಲೆ ನನ್ನ ಮುಖ ನೋಡಿ, ಅಡುಗೆಮನೆಯ ಕಡೆ ನೋಡಿ, ಮತ್ತೆ ನನ್ನ ಮುಖ ನೋಡಿದಳು. ಎದ್ದು ಹೋಗಿ ಒಲೆ ಆರಿಸಿ ಬಂದಳು. ನಾನು ಇಟ್ಟ ಹಾಲು ತಳ ಹತ್ತಿ ಕರಕಲಾಗಿತ್ತು. ನಾನು ಭರಣಿಯ ಚಿಂತೆಯಲ್ಲಿದ್ದೆ, ಅದಕ್ಕೆ ಹೆಚ್ಚು ಗಮನ ಕೊಡಲಿಲ್ಲ.

"ಅಕ್ಕಾರ, ಇದು ಕೆಟ್ಟೈತ್ರಿ" ಎಂದಳು. "ಒಳಗ ಕೊಳತದ್ದ ವಾಸನಿ ಬರಾಕತ್ತೈತಿ. ಚೆಲ್ಲಿಬಿಡ್ರಿ. ಮದವಿಗೆ ಇನ್ನೂ ತಿಂಗಳೈತಿ, ನಾ ಶಿರಸಿಗೆ ಹೋಗಿ ಬ್ಯಾರೆ ಮಿಡಿ ತರ್ತೇನ್ರಿ. ಇಬ್ರೂ ಕೂಡಿ ಹಾಕೂಣು."

ತಾ ಕಳ್ಳ, ಪರರ ನಂಬ. ಇವಳು ಇಷ್ಟು ವರ್ಷ ಕಾದು ಕೂತಿದ್ದಾಳೆ, ನನ್ನ ಒಳ್ಳೆಯ ಭರಣಿಯನ್ನು ನನ್ನ ಕೈಯಿಂದಲೇ ಗುಂಡಿಗೆ ಹಾಕಿಸಬೇಕು ಎಂದಿದ್ದಾಳೆ, ಬೀಗರ ಎದುರು ನಾನು ಬರಿಗೈಯಲ್ಲಿ ನಿಲ್ಲಬೇಕು. ಅವಳ ಜಾಗದಲ್ಲಿ ನಾನಿದ್ದರೆ ಅದನ್ನೇ ಮಾಡುತ್ತಿದ್ದೆ. ಅವಳು ನಿಜ ಹೇಳಬಹುದು ಎನ್ನುವುದು ನನ್ನ ತಲೆಗೇ ಹೊಳೆಯಲಿಲ್ಲ.

"ಬೆಳ್ಳುಳ್ಳಿ ತಿಂದ ಮೂಗಿಗೆ ಮಿಡಿ ಪರಿಮಳ ಎಂತ ಗೊತ್ತಾಗ್ತು" ಎಂದೆ. "ನೀ ಗುಂಡಿಗೆ ಹಾಕಿದ್ದು ಸಾಕು. ಹೋಗು, ಹೋಗಿ ಕಾಯಿ ತುರಿ."

ಅವಳು ಹೋದಳು. ನಾನು ಪೊರೆ ತೆಗೆದು, ಹೆಚ್ಚು ಉಪ್ಪು ಸುರಿದು, ಹತ್ತು ದಿನ ಬಿಟ್ಟು ನೀರು ಕುದಿಸಿ ಖಾರ ಬೀಸಿ ಹಾಕಿದೆ. ಕೆಂಪಗೆ ಚೆನ್ನಾಗಿಯೇ ಕಾಣುತ್ತಿತ್ತು.

ಸಿದ್ದಾಪುರದ ಮದುವೆಯಲ್ಲಿ ನಾನು ಮೊದಲ ಪಂಕ್ತಿಯಲ್ಲೇ ಕೂತಿದ್ದೆ, ಹೊಸ ಸೀರೆ ಉಟ್ಟುಕೊಂಡು. ಬಡಿಸುವವನು ಎಲೆ ತುದಿಗೆ ಒಂದೊಂದು ಮಿಡಿ ಹಾಕಿಕೊಂಡು ಬಂದ. ನನ್ನ ಎದುರಿನ ಅಜ್ಜ ಒಬ್ಬರು ಮಿಡಿ ಎತ್ತಿ ಮೂಗಿನ ಹತ್ತಿರ ತಂದು, ಎಲೆಯ ಹೊರಗೆ ನೆಲದ ಮೇಲೆ ಇಟ್ಟು, ಬೆರಳು ನೀರಿಗೆ ಅದ್ದಿಕೊಂಡರು. ಅವರ ಪಕ್ಕದವರು ಎಲೆಯ ತುದಿಯನ್ನೇ ಮಡಚಿದರು. ಸಾಲಿನಲ್ಲಿ ಒಬ್ಬೊಬ್ಬರೂ ತಮ್ಮ ಪಕ್ಕದವರ ಮುಖ ನೋಡತೊಡಗಿದರು. ನಾನು ನನ್ನ ಮಿಡಿ ಎತ್ತಿ ಮೂಸಿದೆ. ಏನೂ ಇಲ್ಲ, ಬರಿ ಗಾಳಿ. ಕಚ್ಚಿದೆ, ಒಳಗೆ ಮೆತ್ತಗೆ ಕಪ್ಪಾಗಿತ್ತು. ಅಲ್ಲೇ ನುಂಗಿದೆ.

ಬೀಗಿತ್ತಿ ಹಿಂದಿನಿಂದ ಬಂದು ಕಿವಿಯ ಹತ್ತಿರ ಬಾಗಿ, "ಆನೇ ಭರಣಿ ಒಳಗೆ ಇಡ್ಸಿದ್ದಿ. ಪೇಟೆಯಿಂದ ಲಿಂಬೆ ಉಪ್ಪಿನಕಾಯಿ ತರ್ಸಿದ್ದಿ. ಆಗ್ಲಿ ಬಿಡಿ, ಒಂದೊಂದ್ಸಲ ಆಗ್ತು" ಎಂದರು. ಆ "ಆಗ್ಲಿ ಬಿಡಿ"ಗಿಂತ ಒಂದು ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು. ಊಟವಾದ ಮೇಲೆ ಮಗಳು ನನ್ನನ್ನು ಬಚ್ಚಲ ಹತ್ತಿರ ಎಳೆದುಕೊಂಡು ಹೋದಳು. ಅವಳ ಕಣ್ಣು ಕೆಂಪಾಗಿತ್ತು. "ಆಯಿ, ಕಳ್ಸಕ್ಕಿದ್ರೆ ಮುಂಚೆ ಮೂಸಿದ್ದಿಲ್ಯ? ಎಂಗೆ ಈ ಮನೆಲ್ಲಿ ಹೇಂಗೆ ಮುಖ ತೋರ್ಸದು?"

ಮೂಗಿನ ವಿಷಯ ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ನನ್ನ ಮಗಳೇ, ಬೇರೆ ಯಾರೂ ಹತ್ತಿರ ಇರಲಿಲ್ಲ.

"ಆನು ಹಾಕಿದಾಗ ಸರಿ ಇತ್ತು" ಎಂದೆ. "ನಿನ್ನ ಚಿಕ್ಕಿ ಭರಣಿ ಕೋಣೆಗೆ ಹೊಕ್ಕಿತ್ತು. ಅದರ ಕೈ ತಾಗಿದ್ದು."

ನಾವು ಮನೆಗೆ ಬರುವ ಮೊದಲೇ ಆ ಮಾತು ಫೋನಿನಲ್ಲಿ ಬಂದು ತಲುಪಿತ್ತು. ಮದುವೆಗೆ ಅವಳನ್ನೂ ಮೈದುನನನ್ನೂ ಕರೆದುಕೊಂಡು ಹೋಗಿರಲಿಲ್ಲ, ಗಿರಣಿಗೆ ಜನ ಬೇಕು ಎಂದು ಬಿಟ್ಟು ಹೋಗಿದ್ದೆವು. ಜಗುಲಿಯ ಮೇಲೆ ಮೈದುನ ನಿಂತಿದ್ದ, ಅವಳು ಬಾಗಿಲ ಹತ್ತಿರ. ನನ್ನ ಗಂಡ ಚಪ್ಪಲಿ ಬಿಡುವ ಮುಂಚೆಯೇ ಶುರು ಮಾಡಿದರು. ಮನೆತನದ ಮರ್ಯಾದೆ, ಮಗಳ ಮನೆ, ನೂರು ಜನರ ಪಂಕ್ತಿ, ಹಾನಗಲ್ಲಿನ ದಲ್ಲಾಳಿ, ಯಾವುದನ್ನೂ ಬಿಡಲಿಲ್ಲ. ಮೈದುನ ಅದುವರೆಗೆ ಹೆಂಡತಿಗೆ ಒಂದು ಏರು ಮಾತು ಆಡಿದವನಲ್ಲ. ಅವತ್ತು ಅವಳ ಕಡೆ ತಿರುಗಿ ಕೇಳಿದ, "ನೀನು ಭರಣಿ ಮುಟ್ಟಿದ್ದು ಹೌದಾ?"

ಅವಳು ನನ್ನನ್ನು ನೋಡಿದಳು. ಯುಗಾದಿಯ ಹಿಂದಿನ ದಿನ ನೋಡಿದ ಹಾಗಲ್ಲ. ಆ ಕಾಯುವ ನೋಟ ಅದರಲ್ಲಿ ಇರಲಿಲ್ಲ. ಅವಳು ಬಾಯಿ ಬಿಟ್ಟು, ಅಕ್ಕನೇ ನನ್ನನ್ನು ಕರೆದರು, ಕೆಟ್ಟಿದೆ ಎಂದು ಹೇಳಿದರೂ ಕೇಳಲಿಲ್ಲ ಎಂದರೆ ನಾನು ಇಲ್ಲ ಎನ್ನಲು ತಯಾರಾಗಿದ್ದೆ. ಇನ್ನೊಂದು ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು.

"ಹೌದ್ರಿ. ನಾನ ಮುಟ್ಟೇನಿ" ಎಂದಳು.

ಮೈದುನ ಮೆಟ್ಟಿಲಿಳಿದು ಗಿರಣಿಗೆ ಹೋದ. ಅವತ್ತು ಬೀಸಲು ಏನೂ ಇಲ್ಲದಿದ್ದರೂ ಮಿಷನ್ ಹಾಕಿ ಬಹಳ ಹೊತ್ತು ಸುಮ್ಮನೆ ಓಡಿಸಿದ. ನನಗೆ ಮೊದಲು ಆದದ್ದು ನಿರಾಳ. ಆಮೇಲೆ ಯೋಚನೆ ಹತ್ತಿತು. ಒಪ್ಪಿಕೊಳ್ಳುವ ಅಗತ್ಯ ಅವಳಿಗೆ ಏನಿತ್ತು? ಹೆದರಿಕೆಯೇ? ಇಷ್ಟು ವರ್ಷದ ಮೇಲೆ ನನ್ನ ಮೇಲೆ ಮರುಕವೇ? ಮರುಕ ಇರಬಹುದು ಎಂದುಕೊಂಡೆ. ನಾನು ಎಂಥವಳೆಂದರೆ, ಹಾಗೆ ಅಂದುಕೊಂಡು ಸ್ವಲ್ಪ ಸಮಾಧಾನವನ್ನೂ ಪಟ್ಟುಕೊಂಡೆ.

ಮರುದಿನ ಬೆಳಿಗ್ಗೆ ಅವಳು ಹಿಂದಿನ ಜಗುಲಿಯಲ್ಲಿ ಕೂತು ಸಿದ್ದಾಪುರದಿಂದ ಹಿಂದೆ ಬಂದ ದೊಡ್ಡ ಭರಣಿಯನ್ನು ಬಿಸಿನೀರು ಹಾಕಿ ತಿಕ್ಕುತ್ತಿದ್ದಳು. ಯಾರೂ ಹೇಳಿರಲಿಲ್ಲ. ನಾನು ಹೋಗಿ ಬಾಗಿಲಲ್ಲಿ ನಿಂತೆ. ಆಗಲಾದರೂ ತಪ್ಪಾಯಿತು ಎನ್ನಬೇಕೆಂದೇ ಹೋದದ್ದು. ಬಾಯಿಗೆ ಬಂದದ್ದು ಬೇರೆ.

"ಎಂತಕ್ಕೆ ಒಪ್ಪಿಕೊಂಡೆ?"

ಅವಳು ತಲೆ ಎತ್ತಲಿಲ್ಲ. ಕೈ ಭರಣಿಯ ಒಳಗೆ ತಿರುಗುತ್ತಲೇ ಇತ್ತು.

"ನಿಮಗ ವಾಸನಿ ಬರೂದಿಲ್ಲಂತ ನನಗ ಅವತ್ತ ಗೊತ್ತಾತ್ರಿ ಅಕ್ಕಾರ. ಹಾಲು ಹತ್ತಿ ಮನೀತುಂಬ ಸುಟ್ಟ ವಾಸನಿ ಇತ್ತು, ನೀವು ಆರಾಮ ಕುಂತಿದ್ರಿ. ನಿನ್ನೆ ಎಲ್ಲಾರ ಮುಂದ ಹೇಳಬಹುದಿತ್ತು. ಬಾಯಿತನಕ ಬಂದಿತ್ತು."

"ಮತ್ತೆ?"

ಆಗ ಅವಳು ನನ್ನ ಕಡೆ ನೋಡಿದಳು. ಸಿಟ್ಟು ಇರಲಿಲ್ಲ, ಅಳು ಇರಲಿಲ್ಲ. ಗಿರಣಿಯಲ್ಲಿ ಗಿರಾಕಿಗೆ ನಿಮ್ಮ ಪಾಳಿ ಇನ್ನೂ ಬಂದಿಲ್ಲ ಎನ್ನುವಾಗ ಇರುವ ಮುಖ.

"ಹೇಳಿದ್ರ ನಿಮ್ಮನ್ನೂ ಇಲ್ಲೇ ತಂದು ಕುಂದ್ರಸ್ತಿದ್ರಲ್ರಿ, ಈ ಜಗಲಿಗೆ. ಸಾಯೂತನಕ ನಿಮ್ಮ ಮಗ್ಗಲಿಗೆ ಕುಂದ್ರಾಕ ನನಗ ಮನಸ್ಸಿಲ್ರಿ."